ಡಿ ಅಕ್ಷರದ ಕಾರು

ಬಸವ ಜಯಂತಿಗೆಂದು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಲಂಡನ್ನಿನ ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಯ ಹತ್ತಿರ ಹೋಗಿದ್ದೆ. ಭಾನುವಾರ ತಾನೇ, ಕಂಜೆಷನ್ ಚಾರ್ಜ್, ಅಂದರೆ ಊರ ನಡುಭಾಗಕ್ಕೆ ಕಾರು ತಂದದ್ದಕ್ಕೆ ಕಟ್ಟುವ ಶುಲ್ಕ, ಇರಲಿಕ್ಕಿಲ್ಲ ಅಂದುಕೊಂಡೆ. ಭಾನುವಾರವೂ ಮಧ್ಯಾಹ್ನ 12ರಿಂದ 6ರವರೆಗೆ ಉಂಟು ಅಂತ ಗೊತ್ತಾದದ್ದು ಮನೆಗೆ ಲಕೋಟೆ ಬಂದ ಮೇಲೆ. ದಂಡ 180 ಪೌಂಡ್, 14 ದಿನದೊಳಗೆ ಕಟ್ಟಿದರೆ 90. ಜೊತೆಗೊಂದು ಫೋಟೊ: ಹಿಂದಿನ ಗಾಜಿಗೆ ಅಂಟಿಸಿದ್ದ ಹಳದಿ ಕೆಂಪು ಬಾವುಟ ಕೂಡ ಚೆನ್ನಾಗಿ ಬಿದ್ದಿತ್ತು.

ತಪ್ಪು ನನ್ನದೇ. ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಆವತ್ತು ನನ್ನ ಮುಂದಿದ್ದ ಕಾರಿನ ನಂಬರಿನ ನಡುವೆ ಡಿ ಅಕ್ಷರವಿತ್ತು. ಅಂದರೆ ಯಾವುದೋ ರಾಯಭಾರ ಕಚೇರಿಯದು. 2003ರಲ್ಲಿ ಈ ಶುಲ್ಕ ಶುರುವಾದಾಗಿನಿಂದ 2023ರ ಕೊನೆಯವರೆಗೆ ಇಂಥ ಕಚೇರಿಗಳು ಉಳಿಸಿಕೊಂಡ ಬಾಕಿ 14 ಕೋಟಿ ಪೌಂಡಿಗೂ ಮಿಕ್ಕಿದ್ದು. ಮೊದಲು ಅಮೆರಿಕ, ಆಮೇಲೆ ಜಪಾನ್. ಮೂರನೆಯವರು ಇನ್ಯಾರು, ನಾವೇ, ಸುಮಾರು 85 ಲಕ್ಷ ಪೌಂಡ್! ಇದು ತೆರಿಗೆ, ರಾಜತಾಂತ್ರಿಕರ ಕುರಿತಾದ 1961ರ ವಿಯೆನ್ನಾ ಒಪ್ಪಂದದಂತೆ ನಮಗೆ ತೆರಿಗೆಯಿಲ್ಲ ಅಂತ ಅಮೆರಿಕದವರ ವಾದ. ತೆರಿಗೆಯಲ್ಲ, ಸೇವಾ ಶುಲ್ಕ ಅಂತ ಲಂಡನ್ ಸಾರಿಗೆಯವರದು. ಅದೇ ಒಪ್ಪಂದದ 41ನೇ ವಿಧಿ ತಾವಿರುವ ದೇಶದ ಕಾನೂನಿಗೆ ಮರ್ಯಾದೆ ಕೊಡಿ ಅನ್ನುತ್ತದೆ. ಸಾರಿಗೆಯವರು ವಿನಯದಿಂದ ಪತ್ರ ಬರೆಯುತ್ತಲೇ ಇದ್ದಾರೆ.

ನಮ್ಮೂರಲ್ಲಾದರೆ "ನಾನ್ಯಾರು ಗೊತ್ತೇನ್ರೀ?" ಅಂತ ಶಾಸಕರ ಪಿಎಗೆ ಫೋನು ಹಚ್ಚಿ ಪೇದೆಯ ಕಿವಿಗೇ ಹಿಡಿಯುತ್ತಾರೆ. ಎಲ್ಲ ನಡುಬೀದಿಯಲ್ಲೇ. ಸುತ್ತ ನಿಂತವರಿಗೆ ಬೈದುಕೊಳ್ಳುವ ಸುಖವಾದರೂ ಇರುತ್ತದೆ. ಇಲ್ಲಿ ಆ ಸುಖವೂ ಇಲ್ಲ. ನಮ್ಮ ಪೊಲೀಸರ ಉಪಾಯ ನೋಡಿ: 2023ರ ಫೆಬ್ರುವರಿಯಲ್ಲಿ ಹಳೇ ದಂಡಕ್ಕೆ ಅರ್ಧ ರಿಯಾಯಿತಿ ಅಂದದ್ದೇ ತಡ, ಬೆಂಗಳೂರಿಗೆ ಬೆಂಗಳೂರೇ ಸಾಲು ನಿಂತಿತು. ಹೆಲ್ಮೆಟ್ಟನ್ನು ಮೊಣಕೈಗೆ ಹಾಕಿಕೊಂಡೇ ತಿರುಗುವ ನನ್ನ ಭಾಮೈದನೂ ಕಟ್ಟಿ ಬಂದ. ನ್ಯೂಯಾರ್ಕಿನವರು 2002ರಲ್ಲಿ, ದಂಡ ಕಟ್ಟದಿದ್ದರೆ ಪಾರ್ಕಿಂಗ್ ಪರವಾನಗಿ ಕಿತ್ತುಕೊಳ್ಳುತ್ತೇವೆ ಅಂದಮೇಲೆ ರಾಜತಾಂತ್ರಿಕರ ಬಾಕಿ ಸರ್ರನೆ ಇಳಿಯಿತು. ಲಂಡನ್ನಿಗೆ ಮಾತ್ರ ಯಾಕೋ ಸಂಕೋಚ.

ಹೋಗಲಿ, ಬಹುಪಾಲು ರಾಯಭಾರ ಕಚೇರಿಗಳು ಶುಲ್ಕ ಕಟ್ಟುತ್ತವಂತೆ. ರಾಜತಾಂತ್ರಿಕರಿಗೆ ಒಪ್ಪಂದ ಕೊಡುವ ರಕ್ಷಣೆ ಇಲ್ಲದಿದ್ದರೆ, ನಮ್ಮನ್ನು ಕಂಡರಾಗದ ದೇಶದಲ್ಲಿ ನಮ್ಮ ಅಧಿಕಾರಿಯನ್ನು ಪಾರ್ಕಿಂಗ್ ನೆಪ ತೆಗೆದು ದಿನಾ ಠಾಣೆಯಲ್ಲಿ ಕೂರಿಸುತ್ತಿದ್ದರು ಅನ್ನುವುದೂ ನಿಜ. ಒಪ್ಪಿದೆ.

ಹದಿಮೂರನೇ ದಿನ 90 ಪೌಂಡ್ ಕಟ್ಟಿ ಭಾಮೈದನಿಗೆ ಹೇಳಿದೆ.

"ಅಯ್ಯೋ ಭಾವ, ನಮ್ಮ ಎಂಬಸಿಯವರಿಗೆ ಒಂದು ಫೋನ್ ಮಾಡ್ಸಿದ್ರೆ ಆಗ್ತಿತ್ತಲ್ಲ!" ಅಂದ.