ಬೆಂಚಿನ ಮೇಲಿನ ಮೇಕೆ

ಬ್ಯಾಂಕಿನಲ್ಲಿ ಟೋಕನ್ ಹಿಡಿದು ಬೆಂಚಿನ ಮೇಲೆ ಕೂತಿದ್ದೆ. ಸರ್ವರ್ ಡೌನ್ ಅಂತೆ. ಫೋನಿನ ಚಾರ್ಜೂ ಮುಗಿದಿತ್ತು. ತಲೆ ಸುಮ್ನೆ ಇರಲಾರದೆ ಮಾತುಗಳ ಬೆನ್ನು ಹತ್ತಿತು.

ಬೆಂಚು, ಬ್ಯಾಂಕು ಎರಡೂ ಒಂದೇ ಮನೆಯ ಮಕ್ಕಳು. ಬೆಂಚು ಇಂಗ್ಲಿಷಿನದೇ ಹಳೆಯ ಮಾತು. ಬ್ಯಾಂಕು ಮಾತ್ರ ಇಟಲಿಯಲ್ಲಿ ದುಡ್ಡಿನ ರುಚಿ ನೋಡಿ, ಫ್ರಾನ್ಸ್ ದಾರಿಯಾಗಿ ಇಂಗ್ಲಿಷಿಗೆ ಬಂತು.

ಇಟಲಿಯವರು ಅದನ್ನು 'ಬಾಂಕ' ಅನ್ನುತ್ತಾರೆ. ಕೇಳಿದರೆ ಅಪ್ಪಟ ಇಟಾಲಿಯನ್. ಆದರೆ ಅದು ಲ್ಯಾಟಿನ್ ಕೂಸಲ್ಲ, ಜರ್ಮನ್ ಬುಡಕಟ್ಟುಗಳ ಜೊತೆ ಬಂದದ್ದು. ಅರ್ಥ ಬರೀ ಬೆಂಚು. ಹಿಂದೆ ಹಣ ಬದಲಿಸಿ ಕೊಡುವವರು ಪೇಟೆಯಲ್ಲಿ ಬೆಂಚು ಹಾಕಿ, ನಾಣ್ಯ ಹರಡಿಕೊಂಡು ಕೂರುತ್ತಿದ್ದರು. ಬೆಂಚೇ ಕಸುಬಿನ ಹೆಸರಾಯಿತು. ದಿವಾಳಿ ಎದ್ದರೆ 'ಬಾಂಕರೊತ್ತ', ಅಂದರೆ ಮುರಿದ ಬೆಂಚು. ಸಾಲ ತೀರಿಸದವನ ಬೆಂಚನ್ನು ನಿಜಕ್ಕೂ ಮುರಿಯುತ್ತಿದ್ದರು ಅಂತ ಕಥೆ. ನಿಜವೋ ಸುಳ್ಳೋ, ಕಥೆ ಚೆನ್ನಾಗಿದೆ ಅಲ್ವಾ?

ಮಜಾ ಏನೆಂದರೆ, ಈ ಮಾತು ಇಟಲಿಗೆ ಎರಡು ಸಲ ಬಂತು. 568ರಲ್ಲಿ ಲೊಂಬಾರ್ಡರು ಅನ್ನುವ ಇನ್ನೊಂದು ಜರ್ಮನ್ ಬುಡಕಟ್ಟಿನವರು ಬಂದು ನೆಲೆ ನಿಂತರು. ಮಿಲಾನ್ ಸುತ್ತಲಿನ ಸೀಮೆಗೆ ಲೊಂಬಾರ್ಡಿ ಅನ್ನುವ ಹೆಸರು ಅವರಿಂದಲೇ. ನಮ್ಮಲ್ಲಿ ಹಳಗನ್ನಡದ 'ಪಾಲು' ಹಾಲಾದ ಹಾಗೆ, ಅವರ ಬಾಯಲ್ಲಿ 'ಬ' ಹೋಗಿ 'ಪ' ಆಗಿತ್ತು. ಹಾಗಾಗಿ ಅವರದು 'ಪಾಂಕ'. ಬಾಂಕ ದುಡ್ಡಿನ ಹಿಂದೆ ಹೋಯಿತು. ಪಾಂಕ ಪಾಪ, ಇವತ್ತಿಗೂ ಕೂರುವ ಬೆಂಚು.

ಆದರೆ ಇಟಲಿಯ ಮಕ್ಕಳ ನಾಲಿಗೆ ತಿರುಗಿಸುವುದು ಪಾಂಕವೇ: 'ಸೋಪ್ರ ಲಾ ಪಾಂಕ ಲಾ ಕಾಪ್ರ ಕಾಂಪ, ಸೊತ್ತೊ ಲಾ ಪಾಂಕ ಲಾ ಕಾಪ್ರ ಕ್ರೇಪ.' ಬೆಂಚಿನ ಮೇಲೆ ಮೇಕೆ ಬದುಕುತ್ತದೆ, ಬೆಂಚಿನ ಕೆಳಗೆ ಸಾಯುತ್ತದೆ. ಯಾಕೆ ಅಂತ ಕೇಳಬಾರದು. ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಯಾಕೆ ಮೇಯುತ್ತಿದ್ದವು ಅಂತ ನಾವು ಕೇಳಿದೆವಾ?

774ರಲ್ಲಿ ಲೊಂಬಾರ್ಡರ ರಾಜ್ಯ ಫ್ರಾಂಕರ ರಾಜ ಶಾರ್ಲಮೇನ್ ಪಾಲಾಯಿತು. ಆಮೇಲೆ ಅವರ ಭಾಷೆಯೂ ಹೋಯಿತು. ಕೆಲವು ಮಾತು ಮಾತ್ರ ಇಟಲಿಯವರ ಮೈಗೇ ಅಂಟಿಕೊಂಡವು. ಬೆನ್ನಿಗೆ 'ಸ್ಕ್ಯೇನ', ಗೊರಕೆ ಹೊಡೆಯುವುದಕ್ಕೆ 'ರುಸ್ಸಾರೆ'. ಎರಡೂ ಲೊಂಬಾರ್ಡರವೇ.

ಒಂದೂವರೆ ಗಂಟೆ ಕಳೆದಿತ್ತು. ನನ್ನ ಸ್ಕ್ಯೇನ ಹಿಡಿದುಕೊಂಡಿತ್ತು. ಪಕ್ಕದ ಅಜ್ಜ ಜೋರಾಗಿ ರುಸ್ಸಾರೆ ನಡೆಸಿದ್ದರು. ಕೌಂಟರಿನಿಂದ ಅವರ ನಂಬರ್ ಕೂಗಿದರು. ಮೆಲ್ಲಗೆ ಭುಜ ತಟ್ಟಿದೆ.