ಬಾಯಲ್ಲಿ ಪೈಪು, ಕೈಯಲ್ಲಿ ಕೋಲು

ತಪ್ಪೆಲ್ಲ ಆ ಫೋಟೋದ್ದು. ಟೆಡ್ ರೇ ಎಂಬ ಹಳೆಯ ಕಾಲದ ಗಾಲ್ಫ್ ಆಟಗಾರನದು. ತಲೆಗೆ ಟೋಪಿ, ಹಲ್ಲಿನ ನಡುವೆ ಕಚ್ಚಿ ಹಿಡಿದ ಪೈಪು, ಇಡೀ ಮೈಯನ್ನು ಬಟ್ಟೆ ಹಿಂಡಿದಂತೆ ತಿರುಚಿ ಬಾರಿಸುವ ಹೊಡೆತಕ್ಕೆ ಹೆಸರಾಗಿದ್ದವನು. 1912ರಲ್ಲಿ ಬ್ರಿಟಿಷ್ ಓಪನ್ ಗೆದ್ದ, 1920ರಲ್ಲಿ ಅಮೆರಿಕದ ಓಪನ್ನನ್ನೂ ಗೆದ್ದ. ಇಷ್ಟು ತಿಳಿದ ಮೇಲೆ ಹುಡುಕಿದರೆ ಬ್ರಯಾನ್ ಬಾರ್ನ್ಸ್ ಸಿಕ್ಕಿದ. ಅವನೂ ಪೈಪು ಸೇದುತ್ತಲೇ ಆಡುತ್ತಿದ್ದವನು. 1975ರ ರೈಡರ್ ಕಪ್ ಎಂಬ ತಂಡಗಳ ಪಂದ್ಯಾವಳಿಯಲ್ಲಿ, ಆ ಕಾಲದ ಗಾಲ್ಫ್ ದಿಗ್ಗಜ ಜಾಕ್ ನಿಕ್ಲಾಸ್‌ನಂಥ ಜಾಕ್ ನಿಕ್ಲಾಸ್‌ನನ್ನೇ ಒಂದೇ ದಿನದಲ್ಲಿ ಎರಡು ಸಲ ಸೋಲಿಸಿದ. ಇಬ್ಬರು ಸಾಕ್ಷಿಗಳಿದ್ದರೆ ನ್ಯಾಯಾಲಯಕ್ಕೇ ಸಾಕು, ನನಗೆ ಸಾಲದೇ? ಇಷ್ಟು ವರ್ಷ ನನ್ನ ಆಟದಲ್ಲಿ ಇದ್ದ ಕೊರತೆ ಯಾವುದೆಂದು ಗೊತ್ತಾಗಿಹೋಯಿತು. ಪೈಪು.

ಮೇಲುನೋಟಕ್ಕೆ ಎರಡೂ ಒಂದೇ ಜಾತಿಯ ಹವ್ಯಾಸಗಳು. ಎರಡಕ್ಕೂ ಆತುರ ಕೂಡದು. ಎರಡರಲ್ಲೂ ದುಡ್ಡು ಹೊಗೆಯಾಗುತ್ತದೆ. ಎರಡನ್ನೂ ಮಾಡುವವರು ದೂರದಿಂದ ನೋಡುವವರಿಗೆ ಏನೋ ಗಹನವಾದದ್ದನ್ನು ಯೋಚಿಸುತ್ತಿರುವಂತೆ ಕಾಣುತ್ತಾರೆ. ಸೇರಿಸಿದರೆ ನೆಮ್ಮದಿ ಇಮ್ಮಡಿಯಾಗಬೇಕಲ್ಲವೇ ಎಂದು ನಾನು ಲೆಕ್ಕ ಹಾಕಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ ಎಂಬುದು ನೊಗ ಹೂಡಿದ ಮೇಲೆಯೇ ತಿಳಿಯುವ ವಿಷಯ.

ಮೊದಲು ತೂಕದ ಮಾತು. ನಿಯಮದ ಪ್ರಕಾರ ಗಾಲ್ಫ್ ಚೆಂಡು 45.93 ಗ್ರಾಂಗಿಂತ ಹೆಚ್ಚು ತೂಗುವಂತಿಲ್ಲ. ಕುತೂಹಲಕ್ಕೆ ನನ್ನ ಪೈಪನ್ನು ತಕ್ಕಡಿಗೆ ಹಾಕಿದೆ. 44 ಗ್ರಾಂ, ಅದೂ ತಂಬಾಕು ತುಂಬದೆ. ಎಂದರೆ ನಾನು ಒಂದು ಗಾಲ್ಫ್ ಚೆಂಡನ್ನು ಹಲ್ಲಿಗೆ ನೇತುಹಾಕಿಕೊಂಡು ನಾಲ್ಕು ಗಂಟೆ ನಡೆಯಲು ಹೊರಟಿದ್ದೆ. ಹದಿನೆಂಟು ಕುಳಿಗಳ ಆಟದಲ್ಲಿ ಆರನೆಯ ಕುಳಿಯ ಹೊತ್ತಿಗೆ ನನ್ನ ದವಡೆಗೆ, ಅದುವರೆಗೆ ಅಲ್ಲಿ ಇವೆಯೆಂದು ನನಗೆ ಗೊತ್ತೇ ಇರದಿದ್ದ ಸ್ನಾಯುಗಳ ಪರಿಚಯವಾಗಿತ್ತು.

ಇನ್ನು ಹಚ್ಚುವ ಸಂಭ್ರಮ. ಪೈಪು ಸಿಗರೇಟಿನಂತೆ ಒಂದು ಕಡ್ಡಿಗೆ ಬಗ್ಗುವ ಪ್ರಾಣಿಯಲ್ಲ. ತಂಬಾಕನ್ನು ಮೂರು ಚಿಟಿಕೆಯಾಗಿ ತುಂಬಬೇಕು. ಮೊದಲನೆಯದನ್ನು ಮಗುವಿನ ಕೈಯಿಂದೆಂಬಂತೆ, ಎರಡನೆಯದನ್ನು ಹೆಂಗಸಿನ ಕೈಯಿಂದೆಂಬಂತೆ, ಮೂರನೆಯದನ್ನು ಗಂಡಸಿನ ಕೈಯಿಂದೆಂಬಂತೆ ಅದುಮಬೇಕು ಎನ್ನುತ್ತಾರೆ ಬಲ್ಲವರು. (ಇದನ್ನು ಹೇಳಿದವರು ನನ್ನ ಹೆಂಡತಿ ಡಬ್ಬಿಯ ಮುಚ್ಚಳ ಬಿಗಿಯುವುದನ್ನು ನೋಡಿಲ್ಲ.) ಆಮೇಲೆ ಒಮ್ಮೆ ಕಡ್ಡಿ ಗೀರಿ ಮೇಲಿನ ಪದರವನ್ನು ಸುಡಬೇಕು. ಅದು ಉಬ್ಬಿ ಎದ್ದು ನಿಲ್ಲುತ್ತದೆ, ಆರಿಹೋಗುತ್ತದೆ. ಮತ್ತೆ ಅದುಮಬೇಕು. ಮತ್ತೆ ಹಚ್ಚಬೇಕು. ಈಗ ಅದು ನಿಜವಾಗಿ ಹೊತ್ತಿಕೊಂಡಿತು ಎಂದು ಲೆಕ್ಕ. ಕೋಣೆಯೊಳಗೆ ಕುರ್ಚಿಯಲ್ಲಿ ಕೂತು ಮಾಡುವಾಗ ಇದೆಲ್ಲ ಬಲು ಸೊಗಸು. ಬಯಲಲ್ಲಿ ಗಾಳಿ ಬೀಸುತ್ತಿರುವಾಗ, ಹಿಂದೆ ನಾಲ್ವರು ಸರದಿಗೆ ಕಾದು ನಿಂತಿರುವಾಗ ಮಾಡಿ ನೋಡಬೇಕು.

2019ರಲ್ಲಿ ಗಾಲ್ಫ್ ನಿಯಮಗಳನ್ನು ತಿದ್ದಿ ಬರೆದಾಗ, ಸರದಿ ಬಂದ ಆಟಗಾರ 40 ಸೆಕೆಂಡಿನೊಳಗೆ ಹೊಡೆದರೆ ಒಳ್ಳೆಯದು ಎಂದು ಸಲಹೆ ಕೊಟ್ಟರು. ನಾನು ಒಂದು ಹೊಡೆತಕ್ಕೆ ತೆಗೆದುಕೊಳ್ಳುವುದು ಹದಿನೈದೇ ಸೆಕೆಂಡು. ಉಳಿದ ಇಪ್ಪತ್ತೈದರಲ್ಲಿ ಪೈಪು ಹಚ್ಚಬಹುದು ಎಂಬ ಭ್ರಮೆ ಎರಡನೆಯ ಕುಳಿಯಲ್ಲೇ ಹರಿಯಿತು. ಗಾಳಿಗೆ ಬೆನ್ನು ಕೊಟ್ಟು, ಮೊಣಕಾಲೂರಿ, ಅಂಗಿಯ ಅಂಚನ್ನು ಮರೆ ಮಾಡಿ ಐದನೆಯ ಕಡ್ಡಿ ಗೀರುತ್ತಿದ್ದೆ. ಹಿಂದಿನಿಂದ ಗೆಳೆಯನ ದನಿ ಬಂತು.

“ಮಾರಾಯ, ನೀನು ಚೆಂಡು ಹೊಡೆಯಲು ಬಂದೆಯೋ, ಒಲೆ ಹಚ್ಚಲು ಬಂದೆಯೋ?”

“ಹೂಂ” ಎಂದೆ. ಪೈಪು ಕಚ್ಚಿಕೊಂಡವನ ಭಾಷೆಯಲ್ಲಿ ಇರುವುದು ಎರಡೇ ಪದ, ಹೂಂ ಮತ್ತು ಉಹೂಂ. ಇದರ ಅಪಾಯ ಐದನೆಯ ಕುಳಿಯಲ್ಲಿ ಗೊತ್ತಾಯಿತು. ನನ್ನ ಚೆಂಡು ಎಂದಿನಂತೆ ಬಲಕ್ಕೆ ಬಾಗಿ ಪಕ್ಕದ ಮೈದಾನದಲ್ಲಿ ನಿಂತಿದ್ದವರತ್ತ ಹೊರಟಿತು. ಆಗ “ಫೋರ್!” ಎಂದು ಕೂಗಿ ಎಚ್ಚರಿಸುವುದು ಆಟಗಾರನ ಕರ್ತವ್ಯ. ಕೂಗಿದೆ. ಪೈಪಿನ ಆಚೆಗೆ ಹೊರಬಿದ್ದದ್ದು, ಕಟ್ಟಿಹಾಕಿದ ಕರು ತಾಯಿಯನ್ನು ಕರೆಯುವಂಥ ಒಂದು ಸದ್ದು. ಅಲ್ಲಿದ್ದವರು ತಲೆ ತಗ್ಗಿಸುವ ಬದಲು ಕರು ಎಲ್ಲಿದೆ ಎಂದು ಸುತ್ತ ನೋಡಿದರು. ಚೆಂಡು ಯಾರಿಗೂ ತಾಗದೆ ಬಿದ್ದದ್ದು ಅವರ ಪುಣ್ಯ.

ಆದರೆ ಅಸಲಿ ತೊಡಕು ಇರುವುದು ಗಲ್ಲದ ಕೆಳಗೆ. ಬಲಗೈ ಆಟಗಾರ ಕೋಲನ್ನು ಹಿಂದಕ್ಕೆ ಎತ್ತಿದಾಗ ಅವನ ಎಡಭುಜ ಸುತ್ತಿ ಬಂದು ಗಲ್ಲದ ಕೆಳಗೆ ನಿಲ್ಲಬೇಕು. ಹೇಳಿಕೊಡುವವರು ಮೊದಲ ದಿನದಿಂದ ಬಡಿದುಕೊಳ್ಳುವುದೇ ಇದನ್ನು. ನನ್ನದು ಬಾಗಿದ ಕೊಳವೆಯ ಪೈಪು. ಅದರ ಬಟ್ಟಲು ತೂಗುವುದು ಸರಿಯಾಗಿ ಅದೇ ಜಾಗದಲ್ಲಿ. ಒಂದೇ ನಿವೇಶನಕ್ಕೆ ಇಬ್ಬರು ಮಾಲೀಕರು. ಭುಜ ಬಂದು ಬಟ್ಟಲಿಗೆ ಬಡಿಯಿತು, ಕೊಳವೆ ಅಂಗುಳಿಗೆ ತಿವಿಯಿತು, ಒಂದು ಚಿಟಿಕೆ ಕೆಂಡ ಕಾಲರಿನೊಳಗೆ ಇಳಿಯಿತು. ಆ ಕ್ಷಣದಲ್ಲಿ ನಾನು ಹೊಡೆದದ್ದು ಆ ದಿನದ ಅತಿ ವೇಗದ ಹೊಡೆತ. ಚೆಂಡಿಗೆ ಮಾತ್ರ ತಾಗಲಿಲ್ಲ.

ಸರಿ, ಭುಜವನ್ನು ಕಡಿಮೆ ತಿರುಗಿಸಿ ನೋಡೋಣ ಎಂದುಕೊಂಡರೆ ಬೇರೊಂದು ಕಾಟ. ಚೆಂಡನ್ನು ನೋಡಲು ತಲೆ ಬಗ್ಗಿಸಬೇಕು. ಬಗ್ಗಿಸಿದರೆ ಬಟ್ಟಲು ಚೆಂಡಿಗೆ ಅಡ್ಡ ಬರುತ್ತದೆ. ಅದನ್ನು ಪಕ್ಕಕ್ಕೆ ಸರಿಸಿದರೆ ಹೊಗೆ ನೆಟ್ಟಗೆ ಏರಿ ಕನ್ನಡಕದ ಒಳಭಾಗದಲ್ಲಿ ಬಿಡಾರ ಹೂಡುತ್ತದೆ. ಗಾಳಿಯ ದಿಕ್ಕು ತಿಳಿಯಲು ಆಟಗಾರರು ನಾಲ್ಕು ಎಸಳು ಹುಲ್ಲು ಕಿತ್ತು ತೂರುತ್ತಾರೆ. ನನಗೆ ಪೈಪಿನ ಹೊಗೆಯೇ ಅದನ್ನು ಹೇಳುತ್ತದೆ ಎಂದು ಕೊಚ್ಚಿಕೊಂಡಿದ್ದೆ. ಅದು ಹೇಳಿದ್ದು ಇಷ್ಟೇ: ಗಾಳಿ ಯಾವ ಕಡೆಯಿಂದ ಬೀಸಿದರೂ ನನ್ನ ಕಣ್ಣಿನ ಕಡೆಗೆ ಬೀಸುತ್ತದೆ.

ಉಪಕರಣಗಳ ಗೊಂದಲವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಗಾಲ್ಫಿಗೆ 14 ಕೋಲುಗಳ ಮಿತಿಯಿದೆ. ಪೈಪಿನ ಸಾಮಾನಿಗೆ ಮಿತಿಯೇ ಇಲ್ಲ. ಅದುಮುವ ಟ್ಯಾಂಪರ್, ಕೆರೆಯುವ ಕಡ್ಡಿ, ತೂರಿಸುವ ನೂಲುತಂತಿ, ತಂಬಾಕಿನ ಚೀಲ, ಬೆಂಕಿಪೊಟ್ಟಣ. ಎಲ್ಲವೂ ಟೀ (ನೆಲಕ್ಕೆ ಚುಚ್ಚಿ ಚೆಂಡು ಕೂರಿಸುವ ಗೂಟ) ಮತ್ತು ಚೆಂಡುಗಳಿರುವ ಅದೇ ಜೇಬಿನಲ್ಲಿ. ಟ್ಯಾಂಪರ್ ಕೈಗೆ ಸಿಗದಿದ್ದಾಗ ಮರದ ಟೀಯ ಚಪ್ಪಟೆ ತಲೆಯಿಂದ ಅದುಮಬಹುದು ಎಂಬುದು ನನ್ನ ಸ್ವಂತ ಶೋಧ ಎಂದು ಬೀಗಿದ್ದೆ. ಪೈಪು ಸೇದುವ ಆಟಗಾರರೆಲ್ಲ ಅದನ್ನೇ ಮಾಡುತ್ತಾರಂತೆ. ಆದರೆ ಮುಂದಿನ ಕುಳಿಯಲ್ಲಿ ಅವಸರಕ್ಕೆ ಟ್ಯಾಂಪರನ್ನೇ ನೆಲಕ್ಕೆ ಚುಚ್ಚಿ ಅದರ ಮೇಲೆ ಚೆಂಡು ಕೂರಿಸಲು ಹೆಣಗಿದ್ದು ಬಹುಶಃ ನಾನೊಬ್ಬನೇ.

ಮರಳಿನ ಬಂಕರಿನಲ್ಲಿ ನಡೆದದ್ದನ್ನು ಚುಟುಕಾಗಿ ಮುಗಿಸುತ್ತೇನೆ. ಚೆಂಡಿನ ಹಿಂದಿನ ಮರಳಿಗೆ ಹೊಡೆಯಬೇಕು, ಮರಳು ಚೆಂಡನ್ನು ಹೊತ್ತು ಹೊರಗೆ ಹಾಕುತ್ತದೆ. ಹೊಡೆದೆ. ಎದುರುಗಾಳಿ ಇತ್ತು. ಚೆಂಡು ಅಲ್ಲೇ ಉಳಿಯಿತು, ಮರಳು ಮಾತ್ರ ಹಿಂದಿರುಗಿ ಬಂತು. ಮುಂದಿನ ದಮ್ಮು ಎಳೆದಾಗ ಹಲ್ಲಿನ ನಡುವೆ ಕರಕರ. ಆಗ ಹೊಳೆಯಿತು: ಮೈದಾನದಲ್ಲಿ ನನಗೆ ಸಂಬಂಧಪಟ್ಟ ಗುಂಡಿಗಳು ಎರಡು ಬಗೆಯವು. ನೆಲದಲ್ಲಿರುವುದು 108 ಮಿಲಿಮೀಟರ್ ಅಗಲ. ಅದರೊಳಗೆ ಹೋಗಬೇಕಾದ ಒಂದೇ ಒಂದು ಚೆಂಡು ಹೋಗುವುದಿಲ್ಲ. ಪೈಪಿನದು ಹೆಚ್ಚೆಂದರೆ 20 ಮಿಲಿಮೀಟರ್. ಅದರೊಳಗೆ ಮರಳು, ಹುಲ್ಲಿನ ಚೂರು, ಮಳೆಹನಿ, ಒಮ್ಮೆ ಒಂದು ಜೀರುಂಡೆ, ಎಲ್ಲ ಗುರಿಯಿಟ್ಟಂತೆ ಹೋಗಿ ಬೀಳುತ್ತವೆ.

ಹದಿನಾಲ್ಕನೆಯ ಕುಳಿ. ಅದು ಹೇಗೋ ಮೂರನೆಯ ಹೊಡೆತಕ್ಕೇ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸು, ತಲುಪಿದ್ದೆ. ಕುಳಿಗೆ ನಾಲ್ಕು ಅಡಿ, ಇಳಿಜಾರು. ಪೈಪು ಅಪರೂಪಕ್ಕೆ ಹದವಾಗಿ ಉರಿಯುತ್ತಿತ್ತು. ಚೆಂಡಿನ ಮೇಲೆ ಬಗ್ಗಿ, ಚೆಂಡನ್ನು ಮೆಲ್ಲಗೆ ಉರುಳಿಸುವ ಕೋಲು ಪಟರ್ ಹಿಡಿದು ನಿಂತೆ. ಎರಡು ದಶಕಗಳ ಆಟದಲ್ಲಿ ಅಷ್ಟು ನೆಮ್ಮದಿಯಾಗಿ ನಾನು ಎಂದೂ ನಿಂತಿರಲಿಲ್ಲ. ಟೆಡ್ ರೇ ನೆನಪಾದ.

“ಇದೊಂದು ಹೋದರೆ ನೀನು ಗೆದ್ದಂತೆಯೇ” ಎಂದ ಗೆಳೆಯ.

ಬೆಳಗಿನಿಂದ ಎಲ್ಲದಕ್ಕೂ ಹೂಂ ಎಂದೇ ಉತ್ತರಿಸಿದ್ದೆ. ಆ ಒಂದು ಮಾತಿಗೆ ಮಾತ್ರ ಮೈಮರೆತು “ಹೌದಾ?” ಎಂದುಬಿಟ್ಟೆ.

ಪೈಪು ಕಳಚಿತು. ತಿರುಗುತ್ತ ಇಳಿದು ಬಟ್ಟಲಿನ ಕಡೆಯಿಂದ ಚೆಂಡಿನ ಬೆನ್ನಿಗೆ ಟಕ್ ಎಂದು ತಾಗಿತು. ಚೆಂಡು ಹೊರಟಿತು. ನೆಟ್ಟಗೆ ಹೊರಟು, ಇಳಿಜಾರಿಗೆ ತಕ್ಕಷ್ಟೇ ಎಡಕ್ಕೆ ಬಾಗಿ, ಕುಳಿಯ ಅಂಚಿನಲ್ಲಿ ಒಂದು ಗಳಿಗೆ ನಿಂತು ಒಳಗೆ ಬಿತ್ತು. ಇಬ್ಬರೂ ಕದಲಲಿಲ್ಲ. ಮೊದಲು ಎಚ್ಚೆತ್ತವನು ನಾನು. ಗ್ರೀನಿನ ಮೇಲೆ ಬಿದ್ದ ಕೆಂಡವನ್ನು ಬೂಟಿನ ತುದಿಯಿಂದ ಆರಿಸಬೇಕಿತ್ತು.

ಗೆಳೆಯ ನಿಯಮ ಬಲ್ಲವನು. ಗ್ರೀನಿನ ಮೇಲೆ ಆಟಗಾರ ಆಕಸ್ಮಿಕವಾಗಿ ಚೆಂಡನ್ನು ಕದಲಿಸಿದರೆ ದಂಡವಿಲ್ಲ, ಆದರೆ ಅದನ್ನು ಮೊದಲಿದ್ದ ಜಾಗದಲ್ಲೇ ಇಡಬೇಕು ಎಂದ. ಬೇರೆ ಕಡೆ ಆಗಿದ್ದರೆ ಒಂದು ಹೊಡೆತದ ದಂಡವೂ ಬೀಳುತ್ತಿತ್ತು, ಅದೃಷ್ಟವಂತ ನೀನು ಎಂದೂ ಸೇರಿಸಿದ. ಕುಳಿಯಿಂದ ಚೆಂಡು ತೆಗೆದು ನಾಲ್ಕು ಅಡಿ ಹಿಂದಕ್ಕೆ ತಂದಿಟ್ಟೆ. ಪೈಪನ್ನು ಜೇಬಿಗೆ ಹಾಕಿದೆ. ಬಾಯಿ ಖಾಲಿ, ಕಣ್ಣು ತಿಳಿ, ಭುಜ ಸ್ವತಂತ್ರ. ಮೂರು ಪಟ್ ಬೇಕಾಯಿತು.

ಮುಂದಿನ ಕುಳಿಗೆ ನಡೆಯುವಾಗ ಗೆಳೆಯ ತುಂಬ ಹೊತ್ತು ಸುಮ್ಮನಿದ್ದು ಕೇಳಿದ: “ಸಿಟ್ಟಾಗಬೇಡ. ಇನ್ನು ಮೇಲೆ ಗ್ರೀನಿನ ಕೆಲಸವನ್ನೆಲ್ಲ ಆ ಪೈಪಿಗೇ ವಹಿಸಬಾರದೇಕೆ?”

ಜೇಬಿನಿಂದ ಸುಟ್ಟ ಬಟ್ಟೆಯ ವಾಸನೆ ಬರುತ್ತಿತ್ತು. ಬೆಂಕಿಪೊಟ್ಟಣದಲ್ಲಿ ಉಳಿದಿದ್ದವು ಎರಡು ಕಡ್ಡಿ. ಕುಳಿಗಳು ಇನ್ನೂ ನಾಲ್ಕು ಇದ್ದವು.