ಕೊಲೆ ಮಾಡಿದ್ದು ಯಾರು ಅಂತ ಹೇಳಬೇಡಿ, ದಮ್ಮಯ್ಯ

ಸಬ್‌ಟೈಟಲ್ ಬರೆಯುವ ಮಹಾಶಯರೇ, ನಿಮಗೊಂದು ದೊಡ್ಡ ನಮಸ್ಕಾರ. ಕತ್ತಲಲ್ಲಿ ನಿಂತು, ಮುಖವಾಡ ಹಾಕಿಕೊಂಡು, ದನಿ ಬದಲಿಸಿ ಫೋನ್ ಮಾಡುವವನು ಯಾರು? ಕೊನೆಯವರೆಗೂ ಅದನ್ನೇ ಯೋಚಿಸುತ್ತಾ ಕೂರಬೇಕು ಅಂತಲೇ ಜನ ಈ ಸಿನಿಮಾ ನೋಡುವುದು. ನೀವು ಮಾಡಿದ್ದೇನು? ಅವನು ಬಾಯಿ ತೆರೆದ ಕೂಡಲೇ ಕೆಳಗೆ ಅವನ ಹೆಸರು ಬರೆದಿರಿ. ಹೆಸರು, ಪಕ್ಕದಲ್ಲಿ ಎರಡು ಚುಕ್ಕೆ, ಆಮೇಲೆ ಮಾತು. ಸಿನಿಮಾ ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ. ನಾನು ಕಾಫಿ ಲೋಟ ಕೆಳಗಿಟ್ಟು ಟಿವಿಗೇ ಬೈದೆ.

(ಅವನು ಅಂತ ಸುಮ್ನೆ ಬರೆದಿದ್ದೇನೆ. ಅವಳೂ ಇರಬಹುದು. ನನ್ನ ಬಾಯಿಂದ ಅಂತೂ ಹೊರಗೆ ಬರುವುದಿಲ್ಲ.)

ಸಿನಿಮಾದ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ನಾನೂ ಇವರ ಸಾಲಿಗೇ ಸೇರಿದ ಹಾಗೆ. ಥಿಯೇಟರ್ ಮೆಟ್ಟಿಲು ಹತ್ತದೆ, ಟಿವಿಗೆ ಅಂತಲೇ ತೆಗೆದ ಹಳೇ ಅಮೆರಿಕದ ಸಿನಿಮಾ. ಕಾಲೇಜು, ಹಾಸ್ಟೆಲು, ಒಂದು ಗುಂಪು ಸ್ನೇಹಿತರು, ಅವರಲ್ಲಿ ಒಬ್ಬಳ ಹೆಣ. ಇಷ್ಟು ಹೇಳಿದರೆ ಯಾವುದು ಅಂತ ಯಾರಿಗೂ ಗೊತ್ತಾಗಲ್ಲ, ಯಾಕೆಂದರೆ ಇಂಥವು ರಾಶಿ ರಾಶಿ ಇವೆ. ನನಗೆ ಎಲ್ಲವೂ ಇಷ್ಟ. ಹಗಲೆಲ್ಲಾ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಿ, ಇಂಟರ್ನಲ್ ಮಾರ್ಕ್ಸ್ ಅಪ್‌ಲೋಡ್ ಮಾಡಿ, ಅಟೆಂಡೆನ್ಸ್ ಶಾರ್ಟೇಜ್ ಇರುವವರ ಅಪ್ಪಂದಿರ ಜೊತೆ ಮಾತಾಡಿ ಮನೆಗೆ ಬಂದವಳಿಗೆ, ಬೇರೆ ಯಾರದ್ದೋ ಕಾಲೇಜಿನಲ್ಲಿ ಕೊಲೆ ನಡೆಯುವುದನ್ನು ನೋಡಿದರೆ ಏನೋ ಒಂದು ನೆಮ್ಮದಿ. ತಪ್ಪು ತಿಳಿಯಬೇಡಿ.

ಆ ಕಾಲೇಜುಗಳಾದರೂ ಎಂಥವು! ಯಾರಿಗೂ ಸೆಮಿಸ್ಟರ್ ಇಲ್ಲ, ಅಸೈನ್‌ಮೆಂಟ್ ಇಲ್ಲ. ಹಾಸ್ಟೆಲಿಗೆ ವಾರ್ಡನ್ ಇರುವುದು ಮೊದಲ ಹೆಣ ನೋಡಿ ಕಿರುಚುವುದಕ್ಕೆ ಮಾತ್ರ. ಎರಡನೇ ವರ್ಷದ ಹುಡುಗ ಅಂತ ತೋರಿಸುವವನಿಗೆ ಮೂವತ್ತು ದಾಟಿದ ಮುಖ. ಪ್ರೊಫೆಸರ್‌ಗೆ ಎರಡೇ ಕೆಲಸ: ಒಂದೋ ಸಾಯಬೇಕು, ಇಲ್ಲವೋ ವಿದ್ಯಾರ್ಥಿನಿಯ ಜೊತೆ ಏನಾದರೂ ಗುಟ್ಟು ಇಟ್ಟುಕೊಂಡಿರಬೇಕು. ಮೌಲ್ಯಮಾಪನಕ್ಕೆ ಹೋಗಿ ಬಂಡಲ್ ಬಂಡಲ್ ಪೇಪರ್ ತಿದ್ದುವ ಒಬ್ಬ ಪ್ರೊಫೆಸರನ್ನೂ ನಾನು ಈ ಸಿನಿಮಾಗಳಲ್ಲಿ ಕಂಡಿಲ್ಲ. ಪರವಾಗಿಲ್ಲ, ಇದೆಲ್ಲಾ ಮಾಫಿ. ಕೊಲೆಗಾರ ಯಾರು ಅಂತ ನಾನೇ ಹುಡುಕುವುದಕ್ಕೆ ಬಿಟ್ಟರೆ ಉಳಿದದ್ದನ್ನೆಲ್ಲಾ ನುಂಗಿಕೊಳ್ಳುತ್ತೇನೆ. ಆದರೆ ಅದೊಂದಕ್ಕೇ ಯಾರೂ ಬಿಡುತ್ತಿಲ್ಲ.

ಸಬ್‌ಟೈಟಲ್ ಬಗ್ಗೆ ಮಾತಾಡಿದರೆ ಕೆಲವರು ತಕ್ಷಣ ಹೇಳುತ್ತಾರೆ, ಅದು ಕಿವಿ ಕೇಳದವರಿಗೆ, ಯಾರು ಮಾತಾಡುತ್ತಿದ್ದಾರೆ ಅಂತ ಅವರಿಗೆ ಗೊತ್ತಾಗಬೇಕಲ್ವಾ ಅಂತ. ಖಂಡಿತ ಗೊತ್ತಾಗಬೇಕು. ಆದರೆ ಕಿವಿ ಕೇಳುವವರಿಗೆ ಗೊತ್ತಾಗುವಷ್ಟೇ ಗೊತ್ತಾಗಬೇಕು. ದನಿ ಬದಲಿಸಿದ್ದು ಕೇಳಿಸಿಕೊಂಡವರಿಗೆ ಅದು ಯಾರು ಅಂತ ತಿಳಿಯುವುದಿಲ್ಲ. ಕಿವಿ ಕೇಳದವರಿಗೆ ಮಾತ್ರ ಮೊದಲೇ ಗುಟ್ಟು ರಟ್ಟು ಮಾಡುವುದು ಯಾವ ಉಪಕಾರ? ಪತ್ತೇದಾರಿಕೆಯ ಖುಷಿ ಅವರಿಗೆ ಬೇಡವಾ? 'ಫೋನಿನಲ್ಲಿ ದನಿ' ಅಂತ ಬರೆದಿದ್ದರೆ ಸಾಕಾಗಿತ್ತು. ಬರೆಯುವವರ ಕೈಯಲ್ಲಿ ಪೂರ್ತಿ ಸ್ಕ್ರಿಪ್ಟ್ ಇರುತ್ತದೆ, ಅದರಲ್ಲಿ ಹೆಸರಿರುತ್ತದೆ, ಹಾಗೇ ಇಳಿಸಿಬಿಡುತ್ತಾರೆ. ಅಥವಾ ಈಗ ಮನುಷ್ಯರು ಬರೆಯುತ್ತಲೇ ಇಲ್ಲವೋ ಏನೋ.

ಸರಿ, ಸಬ್‌ಟೈಟಲ್ ಆಫ್ ಮಾಡಿದೆ. ಹಾಗಂತ ತಪ್ಪಿಸಿಕೊಂಡೆನಾ? ಸಿನಿಮಾ ತೋರಿಸುವ ಆಪ್ ಬಿಡಬೇಕಲ್ಲ. ಸಿನಿಮಾದ ಮೇಲೆ ಅಂಟಿಸುವ ಆ ಚಿಕ್ಕ ಚಿತ್ರವನ್ನು ಯಾರು ಆರಿಸುತ್ತಾರೋ, ಅವರನ್ನು ಹಿಡಿದು ಇಡೀ ವರ್ಷ ಪರೀಕ್ಷಾ ಮೇಲ್ವಿಚಾರಣೆಗೆ ಹಾಕಬೇಕು. ಎಂಟು ಜನ ಶಂಕಿತರು ಇರುವ ಕಥೆಗೆ, ಕೈಯಲ್ಲಿ ಚಾಕು ಹಿಡಿದು ನಗುತ್ತಿರುವ ಒಬ್ಬರ ಮುಖವನ್ನೇ ಹಾಕುತ್ತಾರೆ. ಅದು ಕೊನೆಯ ಹತ್ತು ನಿಮಿಷದ ದೃಶ್ಯ ಮಾರಾಯರೇ! ಕೆಳಗೆ ಒಂದು ಸಾಲಿನ ಪರಿಚಯ ಬೇರೆ: 'ತನ್ನ ಆಪ್ತ ಗೆಳತಿಯ ಕರಾಳ ರಹಸ್ಯವನ್ನು ಆಕೆ ಕಂಡುಹಿಡಿಯುತ್ತಾಳೆ.' ಇನ್ನು ನಾನು ಕಂಡುಹಿಡಿಯುವುದಕ್ಕೆ ಏನು ಉಳಿಸಿದಿರಿ? ಇನ್ನೊಂದು ಆಪ್‌ನಲ್ಲಿ, ಕುಕ್ಕರ್ ಕೂಗಿತು ಅಂತ ಸಿನಿಮಾ ನಿಲ್ಲಿಸಲು ಪಾಜ್ ಒತ್ತಿದರೆ, ಆ ದೃಶ್ಯದಲ್ಲಿ ಇರುವ ನಟರ ಹೆಸರು ಫೋಟೋ ಸಮೇತ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ತೆರೆಯ ಮೇಲೆ ಇರುವುದು ಬರೀ ಒಂದು ಕೈಗವಸು. ಪಕ್ಕದಲ್ಲಿ ಕೈಗವಸು ಹಾಕಿಕೊಂಡವರ ಮುಖ. ಊಟಕ್ಕೆ ಕೂತವರ ಮುಂದಿನ ಎಲೆಯನ್ನು ಬಡಿಸುವ ಮುಂಚೆಯೇ ಎತ್ತಿಕೊಂಡು ಹೋದ ಹಾಗೆ.

ಜಾಹೀರಾತಿನ ವಿಷಯಕ್ಕೆ ಬರೋಣ. ಇದು ನನ್ನ ಹೊಟ್ಟೆ ಹೆಚ್ಚು ಉರಿಸುವ ಸಂಗತಿ. ಟಿವಿಗೆ ಅಂತ ತೆಗೆದ ಸಿನಿಮಾಗಳನ್ನು ಬರೆಯುವಾಗಲೇ ಜಾಹೀರಾತಿಗೆ ಜಾಗ ಬಿಟ್ಟು ಬರೆಯುತ್ತಿದ್ದರು. ಅಮೆರಿಕದ ಎಬಿಸಿ ವಾಹಿನಿ 1969ರಲ್ಲಿ ವಾರಕ್ಕೊಂದು ಟಿವಿ ಸಿನಿಮಾ ಹಾಕಲು ಶುರು ಮಾಡಿದಾಗ ಅದಕ್ಕೆ ಕೊಟ್ಟಿದ್ದು 90 ನಿಮಿಷ. ಜಾಹೀರಾತು ಕಳೆದರೆ ಕಥೆಗೆ ಉಳಿಯುತ್ತಿದ್ದದ್ದು ಒಂದೂಕಾಲು ಗಂಟೆಯ ಆಸುಪಾಸು. ಆಮೇಲೆ ಎರಡು ಗಂಟೆಯ ಅವಧಿಯೇ ರೂಢಿಯಾಯಿತು. ಪ್ರತಿ ಜಾಹೀರಾತಿನ ಮುಂಚೆ ಒಂದು ತಿರುವು ಬೇಕು. ಬಾಗಿಲು ತೆರೆಯುತ್ತದೆ, ಅವಳು ತಿರುಗಿ ನೋಡುತ್ತಾಳೆ, 'ನೀನಾ?' ಅನ್ನುತ್ತಾಳೆ, ತೆರೆ ಕಪ್ಪಾಗುತ್ತದೆ. ಆಗ ಸೋಪಿನ ಜಾಹೀರಾತು. ಆ ಎರಡು ಮೂರು ನಿಮಿಷ ಮನೆಯವರೆಲ್ಲಾ ಯಾರಿರಬಹುದು ಅಂತ ವಾದ ಮಾಡಬೇಕು. ಜಾಹೀರಾತು ಕೂಡ ಆಟದ ಭಾಗವೇ ಆಗಿತ್ತು.

ಈಗಿನ ಆಪ್‌ಗಳಿಗೆ ಇದರ ಗಂಧಗಾಳಿಯೂ ಇಲ್ಲ. ತೆರೆ ಕಪ್ಪಾಗುವ ಕಡೆ ಜಾಹೀರಾತು ಬರುವುದಿಲ್ಲ. ಕಪ್ಪಾಗಿ ಅರೆಕ್ಷಣದಲ್ಲಿ ಮುಂದಿನ ದೃಶ್ಯ ಬಂದುಬಿಡುತ್ತದೆ, ವಾದಕ್ಕೆ ಸಮಯವೇ ಇಲ್ಲ. ಆಮೇಲೆ ಇನ್ಸ್‌ಪೆಕ್ಟರ್ ಎಲ್ಲರನ್ನೂ ಲೈಬ್ರರಿಯಲ್ಲಿ ಕೂರಿಸಿ, 'ಆ ರಾತ್ರಿ ಹಾಸ್ಟೆಲಿನ ಹಿಂಬಾಗಿಲ ಕೀ ಇದ್ದದ್ದು' ಅನ್ನುವಷ್ಟರಲ್ಲಿ, ವಾಕ್ಯದ ನಟ್ಟನಡುವೆ, ಸಾಲ ಕೊಡುವ ಕಂಪನಿಯ ಜಾಹೀರಾತು. ಅದು ಮುಗಿದು ವಾಪಸ್ ಬಂದರೆ ಮಾತು ಎರಡು ಸೆಕೆಂಡು ಮುಂದೆ ಹೋಗಿರುತ್ತದೆ. ಕೀ ಯಾರ ಹತ್ತಿರ ಇತ್ತು? ಹಿಂದಕ್ಕೆ ಎಳೆದರೆ ಮತ್ತೆ ಅದೇ ಜಾಹೀರಾತು. ದುಡ್ಡು ಕಟ್ಟಿದ ಮೇಲೂ ಈ ಪಾಡು, ಅದನ್ನು ಬೇರೆ ಹೇಳಬೇಕು.

ನಾನು ಅತಿ ಮಾಡುತ್ತಿದ್ದೇನೆ ಅಂತ ಅನ್ನಿಸಬಹುದು. ಆದರೆ ಪತ್ತೇದಾರಿ ಕಥೆ ಅಂದರೆ ಬರೆದವರಿಗೂ ಓದುವವರಿಗೂ ನಡುವೆ ಒಂದು ಒಪ್ಪಂದ. ಇದು ನಾನು ಕಟ್ಟಿದ ಮಾತಲ್ಲ. ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ 1929ರಲ್ಲೇ ಇದಕ್ಕೆ ಹತ್ತು ಕಟ್ಟಳೆ ಬರೆದಿಟ್ಟರು. ಅಪರಾಧಿ ಕಥೆಯ ಶುರುವಿನಲ್ಲೇ ಬಂದಿರಬೇಕು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುವವರಿಗೂ ಆಗಲೇ ಸಿಗಬೇಕು. ಒಂದಕ್ಕಿಂತ ಜಾಸ್ತಿ ಗುಪ್ತದಾರಿ ಇರಕೂಡದು. (ಈ ಸಿನಿಮಾಗಳ ಹಾಸ್ಟೆಲ್ ಕಟ್ಟಿದ ಎಂಜಿನಿಯರಿಗೆ ಇದನ್ನು ಯಾರೂ ಹೇಳಿಲ್ಲ.) ಲಂಡನ್ನಿನಲ್ಲಿ 1952ರಿಂದ ನಡೆಯುತ್ತಿರುವ ಅಗಾಥಾ ಕ್ರಿಸ್ಟಿಯ 'ದಿ ಮೌಸ್‌ಟ್ರ್ಯಾಪ್' ನಾಟಕ ಮುಗಿದ ಮೇಲೆ, ಕೊಲೆಗಾರ ಯಾರು ಅಂತ ಹೊರಗೆ ಹೇಳಬೇಡಿ ಅಂತ ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರೆ. ಟಿವಿಯಲ್ಲೂ ಈ ಮರ್ಯಾದೆ ಇತ್ತು. 1975ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಬಂದ 'ಎಲರಿ ಕ್ವೀನ್' ಸರಣಿಯಲ್ಲಿ, ಗುಟ್ಟು ಬಿಡಿಸುವ ಮುಂಚೆ ನಾಯಕ ಕ್ಯಾಮೆರಾ ಕಡೆ ತಿರುಗಿ, ಸುಳಿವೆಲ್ಲಾ ನಿಮ್ಮ ಮುಂದಿದೆ, ಯಾರು ಅಂತ ಗೊತ್ತಾಯಿತಾ ಅಂತ ನೋಡುವವರನ್ನೇ ಕೇಳುತ್ತಿದ್ದ. ನೋಡುವವರಿಗೂ ತಲೆ ಇದೆ ಅಂತ ಒಪ್ಪಿಕೊಂಡ ಜನ ಅವರು.

ನಮ್ಮಲ್ಲಿ ಇಂಥ ಕಿತಾಪತಿ ಹೊಸದಲ್ಲ ಬಿಡಿ. ಬಾಡಿಗೆ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ತಂದರೆ, ನಮಗಿಂತ ಮುಂಚೆ ಓದಿದ ಯಾವನೋ ಪುಣ್ಯಾತ್ಮ ಮೂರನೇ ಪುಟದಲ್ಲೇ ಒಂದು ಹೆಸರಿಗೆ ಗೆರೆ ಎಳೆದು 'ಇವನೇ' ಅಂತ ಬರೆದಿರುತ್ತಿದ್ದ. ಆದರೆ ಅವನು ಒಬ್ಬ. ಒಂದು ಪುಸ್ತಕ ಹಾಳು ಮಾಡುತ್ತಿದ್ದ. ಎಷ್ಟೋ ಸಲ ಬೇಕಂತಲೇ ತಪ್ಪು ಹೆಸರಿಗೂ ಗೆರೆ ಎಳೆದಿರುತ್ತಿದ್ದ, ಹಾಗಾಗಿ ಅದರಲ್ಲೂ ಒಂದು ರಹಸ್ಯ ಉಳಿಯುತ್ತಿತ್ತು. ಈ ಆಪ್‌ಗಳು ಲಕ್ಷಾಂತರ ಜನಕ್ಕೆ ಒಟ್ಟಿಗೇ ಹಾಳು ಮಾಡುತ್ತವೆ, ಅದೂ ಸರಿಯಾದ ಹೆಸರು ಹೇಳಿ.

ಇನ್ನು ಮನೆಯೊಳಗಿನ ಆಪ್. ನಮ್ಮ ಭಾವ.

ಭಾವ ಒಳ್ಳೆಯವರು. ಕಷ್ಟಕ್ಕೆ ಆಗುತ್ತಾರೆ. ಆದರೆ ಟಿವಿ ಮುಂದೆ ಅವರ ಪಕ್ಕ ಕೂರಬಾರದು. ಅವರು ಎಲ್ಲವನ್ನೂ ಮೊದಲೇ ನೋಡಿರುತ್ತಾರೆ, ನೋಡದಿದ್ದರೆ ಫೋನಿನಲ್ಲಿ ಕಥೆ ಓದಿಕೊಂಡಿರುತ್ತಾರೆ. 'ಇದಾ? ನೋಡು ನೋಡು, ಚೆನ್ನಾಗಿದೆ' ಅನ್ನುತ್ತಾರೆ. ಹತ್ತು ನಿಮಿಷ ಸುಮ್ಮನಿರುತ್ತಾರೆ. ಆಮೇಲೆ ಒಬ್ಬರು ತೆರೆ ಮೇಲೆ ಬಂದ ಕೂಡಲೇ ಗಂಟಲು ಸರಿ ಮಾಡಿಕೊಂಡು, 'ಇವರನ್ನ ಚೆನ್ನಾಗಿ ನೋಡಿಕೊಂಡಿರಮ್ಮ' ಅನ್ನುತ್ತಾರೆ. ಹೆಸರು ಹೇಳಲಿಲ್ಲವಲ್ಲ ಅನ್ನುವುದು ಅವರ ವಾದ. ನಮ್ಮಕ್ಕ ಇಷ್ಟು ವರ್ಷ ಇವರ ಜೊತೆ ಹೇಗೆ ಸಿನಿಮಾ ನೋಡಿದಳು ಅಂತ ಕೇಳಿದೆ. 'ನಾನು ಅವರು ಮಲಗಿದ ಮೇಲೆ ನೋಡೋದು' ಅಂದಳು.

ನಾನು ಜಗಳ ಆಡಿದ್ದಕ್ಕೆ ಭಾವ ಫ್ಯಾಮಿಲಿ ಗ್ರೂಪಿಗೆ ಒಂದು ಸಂಶೋಧನೆಯ ಸುದ್ದಿ ಹಾಕಿದರು. ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2011ರಲ್ಲಿ ಮಾಡಿದ್ದು. ಕೊನೆ ಏನು ಅಂತ ಮೊದಲೇ ತಿಳಿಸಿ ಕಥೆ ಓದಿಸಿದರೆ ಜನಕ್ಕೆ ಇನ್ನೂ ಹೆಚ್ಚು ಇಷ್ಟವಾಯಿತು ಅಂತ ಅದರಲ್ಲಿ ಬಂತು. ಪತ್ತೇದಾರಿ ಕಥೆಗಳೂ ಅದರಲ್ಲಿ ಇದ್ದವು. ನಿಜ, ಇದ್ದವು. ಆದರೆ ಭಾವ, ಅವರು ಓದಿಸಿದ್ದು ಸಣ್ಣ ಕಥೆ. ಕೂತಲ್ಲೇ ಓದಿ ಮುಗಿಸುವಂಥದ್ದು. ಓದಿದವರು ಆ ಪ್ರಯೋಗಕ್ಕೆ ಅಂತ ಬಂದವರು. ದಿನವೆಲ್ಲಾ ದುಡಿದು, ಪಾತ್ರೆ ತೊಳೆದು, ಎರಡು ಗಂಟೆ ತನಗೆ ಅಂತ ಎತ್ತಿಟ್ಟುಕೊಂಡವರಲ್ಲ. ಆಮೇಲೆ ಇನ್ನೊಂದು ವಿಷಯ. ಮೊದಲೇ ಹೇಳಿಸಿಕೊಳ್ಳುವುದು ಅಷ್ಟು ಚೆಂದ ಇದ್ದರೆ ನಾನೇ ಕೇಳುತ್ತೇನೆ. ಕೇಳಿದೆನಾ?

ಕೊಲೆಗಾರ ಮೊದಲೇ ಗೊತ್ತಾದರೆ ಕಥೆ ಸತ್ತೇ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. 'ಕೊಲಂಬೋ' ನೋಡಿ, ಅದೇ ಹೆಸರಿನ ಪೊಲೀಸ್ ಪತ್ತೇದಾರನ ಅಮೆರಿಕದ ಟಿವಿ ಸರಣಿ. ಅದರಲ್ಲಿ ಯಾರು ಕೊಂದರು ಅಂತ ಮೊದಲೇ ತೋರಿಸಿಬಿಡುತ್ತಾರೆ. ಹೇಗೆ ಸಿಕ್ಕಿಬೀಳುತ್ತಾರೆ ಅನ್ನುವುದೇ ಕಥೆ. 1990ರ ಡಿಸೆಂಬರ್ 9ರಂದು ಎಬಿಸಿಯಲ್ಲಿ ಬಂದ 'ಕೊಲಂಬೋ ಗೋಸ್ ಟು ಕಾಲೇಜ್' ನನ್ನ ಅಚ್ಚುಮೆಚ್ಚಿನದು. ಅದನ್ನು ಬರೆದವರಿಗೆ ಕಾಲೇಜು ಅಂದರೆ ಏನು ಅಂತ ಗೊತ್ತಿತ್ತು. ದುಡ್ಡಿರುವ ಮನೆಯ ಇಬ್ಬರು ಹುಡುಗರು ಪ್ರಶ್ನೆಪತ್ರಿಕೆ ಕದ್ದು ಸಿಕ್ಕಿಬೀಳುತ್ತಾರೆ. ಪ್ರೊಫೆಸರ್ ಬಿಡುವುದಿಲ್ಲ, ಕಾಲೇಜಿನಿಂದ ಹೊರಗೆ ಹಾಕಿಸುತ್ತೇನೆ ಅನ್ನುತ್ತಾರೆ. ಅದಕ್ಕೆ ಕೊಲೆ. ನೋಡಿ, ಇದು ಕಾರಣ! ಕರಾಳ ರಹಸ್ಯ ಇಲ್ಲ, ಅವಳಿ ತಂಗಿ ಇಲ್ಲ. ಪ್ರಶ್ನೆಪತ್ರಿಕೆ. ಪರೀಕ್ಷಾ ಡ್ಯೂಟಿ ಮಾಡಿದ ಯಾರಿಗಾದರೂ ಇದು ನಂಬುವ ಮಾತು.

ಕೊಲೆ ಮಾಡುವ ಬಗೆಯೂ ಸೊಗಸು. ಹುಡುಗರು ತರಗತಿಯಲ್ಲಿ ಕೂತಿರುತ್ತಾರೆ, ಅತಿಥಿ ಉಪನ್ಯಾಸ ಕೊಡುತ್ತಿರುವವನು ಖುದ್ದು ಕೊಲಂಬೋ. ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದ ಟ್ರಕ್ಕಿನಲ್ಲಿ ಬಂದೂಕು ಅಡಗಿಸಿ, ಕ್ಯಾಮೆರಾ ಇಟ್ಟು, ಪುಟ್ಟ ಟಿವಿಯಲ್ಲಿ ನೋಡಿಕೊಂಡು ರಿಮೋಟ್ ಒತ್ತುತ್ತಾರೆ. ನಾವು ಅಲ್ಲಿರಲಿಲ್ಲ ಅನ್ನುವುದಕ್ಕೆ ಸಾಕ್ಷಿ ಪೊಲೀಸಿನವನೇ. ಒಬ್ಬ ಹುಡುಗನ ಅಪ್ಪನಾಗಿ ಬರುವ ರಾಬರ್ಟ್ ಕಲ್ಪ್, 70ರ ದಶಕದ 'ಕೊಲಂಬೋ'ಗಳಲ್ಲಿ ಮೂರು ಸಲ ಕೊಲೆಗಾರ ಆಗಿದ್ದವರು. ಹಳೇ ನೋಡುಗರಿಗೆ ಅದೊಂದು ಕಚಗುಳಿ. ಕೊಲಂಬೋ ಆಗಿರುವ ಪೀಟರ್ ಫಾಕ್ ಆ ಹುಡುಗರ ಮುಂದೆ ಪೆದ್ದನ ಹಾಗೆ ತಲೆ ಕೆರೆದುಕೊಂಡು ನಿಂತರೆ, ಮುಂದಿನ ಬೆಂಚಿನ ಅತಿಬುದ್ಧಿವಂತರನ್ನು ದಿನಾ ಸಹಿಸಿಕೊಳ್ಳುವ ನನ್ನಂಥವರಿಗೆ ಹಬ್ಬ. ಕಡೆಗೆ ಅವರನ್ನು ಹೇಗೆ ಹಿಡಿಯುತ್ತಾನೆ ಅನ್ನುವುದನ್ನು ಸತ್ತರೂ ಹೇಳುವುದಿಲ್ಲ.

ಹಾಗಾಗಿ ಗ್ರೂಪಿನಲ್ಲಿ ಬರೆದೆ: ಭಾನುವಾರ ಎಲ್ಲರೂ ಸೇರಿ ಇದನ್ನು ನೋಡೋಣ, ಕೊಲೆಗಾರರು ಯಾರು ಅಂತ ನಾನೇ ಮೊದಲು ಹೇಳಿಬಿಟ್ಟಿದ್ದೇನೆ, ಈಗ ಹಾಳು ಮಾಡುವುದಕ್ಕೆ ಯಾರಿಗೂ ಏನೂ ಉಳಿದಿಲ್ಲ ಅಂತ. ಹೆಬ್ಬೆರಳುಗಳು ಬಂದವು. ಅಮ್ಮ ಕೈಮುಗಿಯುವ ಚಿತ್ರ ಹಾಕಿದರು, ಯಾಕೋ ಗೊತ್ತಿಲ್ಲ. ಆಮೇಲೆ ಭಾವ ಟೈಪ್ ಮಾಡುತ್ತಿದ್ದಾರೆ ಅಂತ ಮೇಲೆ ತೋರಿಸಿತು. ಬಹಳ ಹೊತ್ತು ಟೈಪ್ ಮಾಡಿದರು.

'ಓ ಅದಾ, ಭಾರಿ ಚೆನ್ನಾಗಿದೆ. ಕೊನೇಲಿ ಆ ಕಾರು ಇದೆಯಲ್ಲ...'

ಭಾವ, ಡಿಲೀಟ್ ಮಾಡಿ, ಡಿಲೀಟ್ ಫಾರ್ ಎವ್ರಿಒನ್ ಅಂತ ಫೋನ್ ಮಾಡಿ ಕೂಗಿದೆ. 'ಯಾವ ಕಾರು ಅಂತ ಹೇಳಿಲ್ಲವಲ್ಲಮ್ಮ' ಅಂದರು.